ತೆಳುಗಾಳಿಯ ಓಟ

ನಮ್ಮ ಶಾಲೆಯ ವಾರ್ಷಿಕ ಕ್ರೀಡೋತ್ಸವದಲ್ಲಿ ಹದಿನೈದುನೂರು ಮೀಟರುಗಳ ಓಟ ನಡೆಯುವಾಗ ಪ್ರತಿವರ್ಷವೂ ಒಂದೇ ದೃಶ್ಯವನ್ನು ಕಾಣುತ್ತೇವೆ. ಸೀಟಿ ಊದಿದೊಡನೆ ಕೆಲವರು ಬಿಲ್ಲಿನಿಂದ ಬಿಟ್ಟ ಬಾಣದಂತೆ ಮುನ್ನುಗ್ಗುತ್ತಾರೆ. ನೋಡುವವರ ಚಪ್ಪಾಳೆಯೆಲ್ಲ ಅವರಿಗೇ. ಎರಡನೆಯ ಸುತ್ತಿನಲ್ಲಿ ಅವರ ಮುಖ ಕೆಂಪೇರುತ್ತದೆ. ಮೂರನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ಗೆರೆಯಿಂದಾಚೆ ಕುಳಿತುಬಿಡುತ್ತಾರೆ. ಯಾರ ಗಮನಕ್ಕೂ ಬಾರದೆ, ಮೊದಲಿನಿಂದ ಒಂದೇ ಹದದಲ್ಲಿ ಓಡಿಬಂದ ಯಾರೋ ಒಬ್ಬರು ಗುರಿ ಮುಟ್ಟುತ್ತಾರೆ. ಕುಳಿತವರ ಕಾಲಿನಲ್ಲಿ ಬಲವಿರಲಿಲ್ಲವೆಂದಲ್ಲ. ಉಸಿರು ಸಾಲದೆ ಹೋಯಿತು. ಇದು ಸಮುದ್ರದ ದಡದ ಮುಂಬಯಿಯ ಮಾತು. ಇಲ್ಲಿಯ ಗಾಳಿ ಶುದ್ಧವೋ ಅಶುದ್ಧವೋ ಎಂಬ ಪ್ರಶ್ನೆ ಬೇರೆ, ಗಾಳಿಗಂತೂ ಬರವಿಲ್ಲ. ಆ ಗಾಳಿಯೇ ಹೆಚ್ಚುಕಡಿಮೆ ಅರ್ಧವಾಗಿಬಿಡುವ ಎಡೆಯಲ್ಲಿ, ಹದಿನೈದುನೂರು ಮೀಟರಲ್ಲ, ಎಪ್ಪತ್ತೆರಡು ಕಿಲೋಮೀಟರು ಓಡಬೇಕಾಗಿ ಬಂದರೆ ಮನುಷ್ಯನ ಗತಿಯೇನು?

ಅಂಥ ಓಟವೊಂದು ನಮ್ಮ ದೇಶದಲ್ಲಿಯೇ ಉಂಟು. ಲದಾಖಿನ ಮುಖ್ಯ ಪಟ್ಟಣವಾದ ಲೇಹ್‌ನ ಉತ್ತರಕ್ಕೆ ಖರ್ದುಂಗ್ ಲಾ ಎಂಬ ಘಾಟಿಯಿದೆ. 'ಲಾ' ಎಂದರೆ ಆ ಸೀಮೆಯ ನುಡಿಯಲ್ಲಿ ಬೆಟ್ಟದ ಸಾಲನ್ನು ದಾಟುವ ದಾರಿ. ಘಾಟಿಯ ಆಚೆಯ ಮಗ್ಗುಲಲ್ಲಿ ಖರ್ದುಂಗ್ ಎಂಬ ಸಣ್ಣ ಹಳ್ಳಿ. ಅದನ್ನು ದಾಟಿದರೆ ಶ್ಯೋಕ್ ಮತ್ತು ನುಬ್ರಾ ನದಿಗಳ ಬಯಲು. ಓಟಗಾರರು ಈ ಹಳ್ಳಿಯಿಂದ ಹೊರಟು, 32 ಕಿಲೋಮೀಟರುಗಳಷ್ಟು ಏರಿ ಘಾಟಿಯ ನೆತ್ತಿಯನ್ನು ಮುಟ್ಟಿ, ಅಲ್ಲಿಂದ 40 ಕಿಲೋಮೀಟರು ಇಳಿದು ಲೇಹ್ ಪಟ್ಟಣವನ್ನು ಸೇರಬೇಕು. 2010ರ ಆಗಸ್ಟಿನಲ್ಲಿ ಮೇಘಸ್ಫೋಟವಾಗಿ ಲೇಹ್ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ನೆರೆಗೂ ಕೆಸರಿಗೂ ಸಿಕ್ಕಿ ತತ್ತರಿಸಿದುದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ಆಘಾತದಿಂದ ಚೇತರಿಸಿಕೊಳ್ಳುತ್ತಿದ್ದ ನಾಡಿನಲ್ಲಿ 2012ರಲ್ಲಿ ಲದಾಖ್ ಮ್ಯಾರಥಾನ್ ಪ್ರಾರಂಭವಾಯಿತು. ಖರ್ದುಂಗ್ ಲಾ ಓಟವು ಅದರ ಅತ್ಯಂತ ಕಠಿಣವಾದ ಅಂಗಗಳಲ್ಲಿ ಒಂದು. ಇದು ಸೆಪ್ಟೆಂಬರ್ ತಿಂಗಳಲ್ಲಿ ನಡೆಯುತ್ತದೆ.

ಎತ್ತರವೆಂದರೆ ಎಷ್ಟು ಎತ್ತರ? ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿ 1,646 ಮೀಟರು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಕಳಸೂಬಾಯಿಯನ್ನು ಕೂರಿಸಿದೆವೆನ್ನಿ. ಆಗ ಲೇಹ್ ಪಟ್ಟಣದ ಬೀದಿಯ ಮಟ್ಟಕ್ಕೆ ಬಂದಂತಾಯಿತು. ಏಕೆಂದರೆ ಲೇಹ್ ಇರುವುದೇ ಸುಮಾರು 3,500 ಮೀಟರುಗಳ ಎತ್ತರದಲ್ಲಿ. ಓಟ ಹೊರಡುವ ಖರ್ದುಂಗ್ ಹಳ್ಳಿ 4,000 ಮೀಟರಿನ ಆಸುಪಾಸಿನಲ್ಲಿದೆ. ಘಾಟಿಯ ನೆತ್ತಿ ಸುಮಾರು 5,360 ಮೀಟರು. ಅಲ್ಲಿ ಬಹುಕಾಲ ನಿಂತಿದ್ದ ಹಳದಿ ಫಲಕದಲ್ಲಿ 18,380 ಅಡಿ ಎಂದು ಬರೆದಿತ್ತು. ಈಚಿನ ಅಳತೆಗಳ ಪ್ರಕಾರ ನಿಜವಾದ ಎತ್ತರ ಅದಕ್ಕಿಂತ ಸುಮಾರು ಎಂಟುನೂರು ಅಡಿ ಕಡಿಮೆ. ಫಲಕವು ಎಂಟುನೂರು ಅಡಿ ಹೆಚ್ಚು ಹೇಳಿದರೂ ಶ್ವಾಸಕೋಶವು ಮೋಸಹೋಗುವುದಿಲ್ಲ. ಇದ್ದಷ್ಟೇ ಅದಕ್ಕೆ ಸಾಕುಬೇಕಾಗಿದೆ.

ಬೆಟ್ಟದ ಮೇಲೆ ಆಮ್ಲಜನಕ ಕಡಿಮೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಅದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ಮುಂಬಯಿಯಲ್ಲಿಯೂ ನೂರಕ್ಕೆ ಇಪ್ಪತ್ತೊಂದು, ಖರ್ದುಂಗ್ ಲಾದಲ್ಲಿಯೂ ನೂರಕ್ಕೆ ಇಪ್ಪತ್ತೊಂದು. ಬದಲಾಗುವುದು ಪಾಲಲ್ಲ, ಒತ್ತಡ. ಹತ್ತು ಹತ್ತಿಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿರಿ. ಎಲ್ಲಕ್ಕೂ ಕೆಳಗಿನದು ಮೇಲಿನವುಗಳ ಭಾರದಿಂದ ಒತ್ತಿ ಗಟ್ಟಿಯಾಗಿರುತ್ತದೆ. ಮೇಲಿನದು ಉಬ್ಬಿ ಹಗುರವಾಗಿರುತ್ತದೆ. ವಾಯುಮಂಡಲವೂ ಅಂಥದೇ ರಾಶಿ. ಸಮುದ್ರ ಮಟ್ಟದಲ್ಲಿರುವ ನಾವು ಕೆಳಗಿನ ಹಾಸಿಗೆಯೊಳಗೆ ಬಾಳುತ್ತಿದ್ದೇವೆ. ಇಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರು. ಲೇಹ್‌ನಲ್ಲಿ ಅದು ಇದರ ಮೂರನೆಯ ಎರಡು ಪಾಲಿನಷ್ಟಕ್ಕೆ ಇಳಿಯುತ್ತದೆ. ಘಾಟಿಯ ನೆತ್ತಿಯಲ್ಲಿ ಅರ್ಧಕ್ಕಿಂತ ತುಸುವೇ ಹೆಚ್ಚು. ಆದುದರಿಂದ ಒಂದೇ ಗಾತ್ರದ ಉಸಿರಿನಲ್ಲಿ ಅಲ್ಲಿ ಸಿಕ್ಕುವ ಆಮ್ಲಜನಕವೂ ಅರ್ಧದಷ್ಟೇ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ನೂಕುವುದು ಈ ಒತ್ತಡವೇ. ನೂಕುವ ಕೈ ದುರ್ಬಲವಾದರೆ ರಕ್ತಕ್ಕೆ ದೊರೆಯುವ ಪಾಲೂ ಕುಗ್ಗುತ್ತದೆ. ಸ್ನಾಯುಗಳು ಬೇಡಿದಷ್ಟು ಕೊಡಲು ರಕ್ತದಲ್ಲಿ ಇರುವುದಿಲ್ಲ.

ಇದರ ಪರಿಣಾಮವನ್ನು ಜಗತ್ತೆಲ್ಲ ಕಣ್ಣಾರೆ ಕಂಡದ್ದು 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ. ಆ ನಗರದ ಎತ್ತರ 2,240 ಮೀಟರು ಮಾತ್ರ. ಲದಾಖಿನ ಮುಂದೆ ಅದು ತಗ್ಗು. ಆದರೂ ಹತ್ತು ಸಾವಿರ ಮೀಟರುಗಳ ಓಟದಲ್ಲಿ ಗೆದ್ದ ಕೀನ್ಯದ ನಫ್ತಾಲಿ ಟೆಮು ತೆಗೆದುಕೊಂಡ ಕಾಲ 29 ನಿಮಿಷ 27.4 ಸೆಕೆಂಡು. ಅಂದಿನ ವಿಶ್ವದಾಖಲೆ 27 ನಿಮಿಷ 39.4 ಸೆಕೆಂಡು. ಆ ದಾಖಲೆಯ ಒಡೆಯನಾದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಆರನೆಯವನಾಗಿ ಬಂದು ಗುರಿಯ ಬಳಿ ಕುಸಿದುಬಿದ್ದ. ಅವನಿಗೆ ಆಮ್ಲಜನಕ ಕೊಡಬೇಕಾಯಿತು. ಗೆದ್ದ ಟೆಮುವೂ, ಎರಡನೆಯವನಾದ ಇಥಿಯೋಪಿಯದ ಮಾಮೊ ವೊಲ್ಡೆಯೂ ಎತ್ತರದ ನಾಡುಗಳವರು. ಅದೇ ಕ್ರೀಡಾಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರು ದೂರ ಜಿಗಿದು ಜಗತ್ತನ್ನು ಬೆರಗುಗೊಳಿಸಿದ. ತೆಳುಗಾಳಿ ಅಡ್ಡಿಪಡಿಸುವುದು ಕಡಿಮೆ. ಕ್ಷಣಮಾತ್ರದ ಸಾಹಸಕ್ಕೆ ಅದು ನೆರವಾಗುವುದೂ ಉಂಟು. ದೀರ್ಘಕಾಲದ ದುಡಿಮೆಗೆ ಮಾತ್ರ ಅದು ಕಡುಜಿಪುಣ.

ಹಾಗಾದರೆ ಇಷ್ಟು ಎತ್ತರದಲ್ಲಿ ಓಡುವುದು ಹೇಗೆ ಸಾಧ್ಯ? ಇದಕ್ಕೆ ಉತ್ತರವನ್ನು ಎರಡು ಘಟನೆಗಳಿಂದ ತಿಳಿಯಬಹುದು.

1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ 'ಜೆನಿತ್' ಎಂಬ ಬಲೂನಿನಲ್ಲಿ ಮೂವರು ಮೇಲೇರಿದರು. ಅವರು ಗ್ಯಾಸ್ತೊನ್ ತಿಸಾಂದಿಯೆ, ಕ್ರೊಸೆ-ಸ್ಪಿನೆಲ್ಲಿ ಮತ್ತು ಸಿವೆಲ್. ಕೆಲವೇ ಗಂಟೆಗಳಲ್ಲಿ ಎಂಟು ಸಾವಿರ ಮೀಟರುಗಳನ್ನು ಮೀರಿದರು. ಬಳಿಯಲ್ಲಿ ಆಮ್ಲಜನಕದ ಚೀಲಗಳಿದ್ದವು. ಆದರೆ ನಳಿಕೆಯನ್ನು ಬಾಯಿಗೆ ತಂದುಕೊಳ್ಳಬೇಕೆನ್ನುವಷ್ಟರಲ್ಲಿ ತಿಸಾಂದಿಯೆಯ ಕೈ ಮೇಲೇಳಲಿಲ್ಲ. ನೋವಿಲ್ಲ, ಭಯವಿಲ್ಲ, ಅಂಗಗಳು ಸುಮ್ಮನೆ ಆಜ್ಞೆಯನ್ನು ಮೀರಿದವು. ಅವನಿಗೆ ಎಚ್ಚರವಾಗುವಾಗ ಬಲೂನು ಇಳಿಯುತ್ತಿತ್ತು, ಜೊತೆಗಾರರಿಬ್ಬರೂ ಸತ್ತಿದ್ದರು. ಇದಾದ ನೂರಮೂರು ವರ್ಷಗಳ ತರುವಾಯ, 1978ರ ಮೇ 8ರಂದು, ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಎಂಬಿಬ್ಬರು ಆಮ್ಲಜನಕದ ಸಿಲಿಂಡರುಗಳಿಲ್ಲದೆ ಎವರೆಸ್ಟಿನ ತುದಿಯನ್ನು ಮುಟ್ಟಿ ಜೀವಸಹಿತ ಕೆಳಗಿಳಿದರು. ಎವರೆಸ್ಟ್ 8,848 ಮೀಟರು. ಬಲೂನು ಮುಟ್ಟಿದ ಎತ್ತರಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಬಲೂನಿನವರು ಬುಟ್ಟಿಯಲ್ಲಿ ಕುಳಿತೇ ಇದ್ದರು. ಇವರೋ ಹಿಮದಲ್ಲಿ ಕಾಲೂರಿ ಹತ್ತಿದವರು. ಹಾಗಿದ್ದೂ ಆ ಇಬ್ಬರು ಸತ್ತರು, ಈ ಇಬ್ಬರು ಉಳಿದರು. ಇದಕ್ಕೆ ಮುಖ್ಯ ಕಾರಣ ಕಾಲವೊಂದೇ. ಬಲೂನು ಕೆಲವು ಗಂಟೆಗಳಲ್ಲಿ ಏರಿತು. ಪರ್ವತಾರೋಹಿಗಳು ವಾರಗಟ್ಟಲೆ ಬೆಟ್ಟದಲ್ಲಿದ್ದು, ಏರಿ ಇಳಿದು ಮತ್ತೆ ಏರಿ, ದೇಹವನ್ನು ಒಗ್ಗಿಸಿಕೊಂಡಿದ್ದರು.

ಆ ಕಾಲದಲ್ಲಿ ದೇಹವು ಮಾಡುವ ಕೆಲಸ ಅದ್ಭುತವಾದದ್ದು. ಮೊದಲ ಗಂಟೆಗಳಲ್ಲಿಯೇ ಉಸಿರಾಟ ಆಳವಾಗಿ, ಬೇಗಬೇಗ ಆಗುತ್ತದೆ, ಎದೆಬಡಿತ ಏರುತ್ತದೆ. ಹೆಚ್ಚು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದಲ್ಲಿ ಕ್ಷಾರದ ಅಂಶ ಹೆಚ್ಚುತ್ತದೆ. ಅದನ್ನು ಕಂಡು ಮಿದುಳು ಉಸಿರಿಗೆ ಕಡಿವಾಣ ಹಾಕಲು ನೋಡುತ್ತದೆ. ಆಗ ಮೂತ್ರಪಿಂಡಗಳು ಕೆಲವು ದಿನಗಳ ಕಾಲ ಕ್ಷಾರವನ್ನು ಹೊರಗೆ ಹಾಕಿ ಸಮತೋಲವನ್ನು ತರುತ್ತವೆ, ಕಡಿವಾಣ ಸಡಿಲವಾಗುತ್ತದೆ. ಅದೇ ಮೂತ್ರಪಿಂಡಗಳು ಎಲುಬಿನ ಮಜ್ಜೆಗೆ ರಾಸಾಯನಿಕ ಸಂದೇಶವೊಂದನ್ನು ಕಳುಹಿಸುತ್ತವೆ: ಕೆಂಪು ರಕ್ತಕಣಗಳು ಹೆಚ್ಚು ಬೇಕು ಎಂದು. ಸಂದೇಶ ಹೋಗುವುದು ಗಂಟೆಗಳಲ್ಲಿ. ಕಣಗಳು ತಯಾರಾಗಿ ರಕ್ತದಲ್ಲಿ ತುಂಬುವುದು ವಾರಗಳಲ್ಲಿ. ಈ ಕಾರ್ಖಾನೆಯನ್ನು ಅವಸರಪಡಿಸುವಂತಿಲ್ಲ. ಉಸಿರಾಟವನ್ನು ಚುರುಕುಗೊಳಿಸಿ ಮೊದಲ ದಿನಗಳಲ್ಲಿ ನೆರವಾಗುವ ಮಾತ್ರೆಯೊಂದನ್ನು ವೈದ್ಯರು ಕೊಡುವುದುಂಟು. ಆದರೆ ಅದು ಕಾಲಕ್ಕೆ ಸಹಾಯಕವೇ ಹೊರತು ಕಾಲಕ್ಕೆ ಬದಲಲ್ಲ.

ಈ ಸತ್ಯವನ್ನು ನಮ್ಮ ದೇಶ ಬಹಳ ಬೆಲೆ ತೆತ್ತು ಕಲಿತಿದೆ. 1962ರ ಯುದ್ಧದಲ್ಲಿ ಬಯಲುಸೀಮೆಯಲ್ಲಿದ್ದ ಸೈನಿಕರನ್ನು ತರಾತುರಿಯಿಂದ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಶತ್ರುವಿನ ಗುಂಡು ತಾಗದಿದ್ದವರೂ ಎತ್ತರದ ಬೇನೆಗೆ ಸಿಕ್ಕಿ ಮಲಗಿದರು. ಭಾರತೀಯ ಸೇನಾವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಇಂಥ 1,925 ಸೈನಿಕರ ವಿವರವನ್ನು 1969ರಲ್ಲಿ ಪ್ರಕಟಿಸಿದರು; ಅದನ್ನು ಇಂದಿಗೂ ಜಗತ್ತಿನ ವೈದ್ಯರು ಓದುತ್ತಾರೆ. ಬೇನೆಯ ಮೊದಲ ಲಕ್ಷಣಗಳು ಸಾಮಾನ್ಯವಾದವು: ತಲೆನೋವು, ಓಕರಿಕೆ, ಆಯಾಸ, ನಿದ್ರೆ ಬಾರದಿರುವುದು. ಇಷ್ಟಕ್ಕೇ ವಿಶ್ರಾಂತಿ ಪಡೆದರೆ ಬಹುಮಟ್ಟಿಗೆ ಗುಣವಾಗುತ್ತದೆ. ಇದನ್ನು ಅಲಕ್ಷಿಸಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ಕಡೆಗೆ ನಸುಗೆಂಪು ನೊರೆ. ಅಥವಾ ಮಿದುಳು ಬಾತುಕೊಳ್ಳಬಹುದು; ಆಗ ಮನುಷ್ಯ ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದು ಹೆಜ್ಜೆಯ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾರ. ಇವೆರಡಕ್ಕೂ ಮೊದಲ ಮದ್ದು ಒಂದೇ: ತಡಮಾಡದೆ ಕೆಳಗಿಳಿಸುವುದು. ಎಷ್ಟು ಗಟ್ಟಿಮುಟ್ಟಾದ ಆಳಾದರೂ ಈ ಬೇನೆಗೆ ಹೊರತಲ್ಲ. ನೋಡಿದರೆ, ಗಟ್ಟಿಗರಿಗೇ ಹೆಚ್ಚು ಅಪಾಯ. ಅವರು ದೇಹದ ಮಾತನ್ನು ಕೇಳದೆ ಬೇಗ ಏರುತ್ತಾರೆ.

ಈಗ ಅಭ್ಯಾಸದ ವಿಚಾರಕ್ಕೆ ಬರೋಣ. ಮುಂಬಯಿಯಂಥ ಸಮುದ್ರತೀರದ ಊರಿನಲ್ಲಿರುವವನು ಇಂಥ ಓಟಕ್ಕೆ ಸಿದ್ಧನಾಗುವುದು ಹೇಗೆ? ತೆಳುಗಾಳಿಯನ್ನು ಇಲ್ಲಿಗೆ ತರಿಸಿಕೊಳ್ಳುವಂತಿಲ್ಲ. ಆದರೆ ಕಾಲು, ಹೃದಯ, ಹೊಟ್ಟೆ, ಮನಸ್ಸು ಈ ನಾಲ್ಕನ್ನೂ ಇಲ್ಲಿಯೇ ಅಣಿಗೊಳಿಸಬಹುದು. ಅದಕ್ಕೆ ಹಲವು ತಿಂಗಳುಗಳೇ ಬೇಕು. ಮೊದಲ ಪಾಠ ನಿಧಾನವಾಗಿ ಓಡುವುದು. ಓಡುತ್ತಿರುವಾಗ ಜೊತೆಗಾರನೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗಬೇಕು. ಒಬ್ಬನೇ ಓಡುವವನು ಹದಿಮೂರರ ಮಗ್ಗಿಯನ್ನು ಹೇಳಿಕೊಳ್ಳಲಿ. ನಡುವೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯಲಿ. ಹೀಗೆ ಗಂಟೆಗಟ್ಟಲೆ ಓಡುವುದರಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಕಳಿಸುವುದನ್ನು ಕಲಿಯುತ್ತದೆ. ಶನಿವಾರ ದೀರ್ಘವಾಗಿ ಓಡಿ, ಭಾನುವಾರ ದಣಿದ ಕಾಲಿನಲ್ಲಿಯೇ ಮತ್ತೆ ಓಡುವ ಕ್ರಮವೂ ಉಂಟು. ಎಪ್ಪತ್ತೆರಡು ಕಿಲೋಮೀಟರುಗಳ ಕೊನೆಯ ಭಾಗವನ್ನು ಓಡಬೇಕಾದದ್ದು ದಣಿದ ಕಾಲುಗಳಿಂದಲೇ ಅಲ್ಲವೆ?

ಎರಡನೆಯ ಪಾಠ ಏರುವುದು. ಅದಕ್ಕೆ ಮುಂಬಯಿಯಲ್ಲಿ ಮಾಳಿಗೆ ಕಟ್ಟಡಗಳ ಮೆಟ್ಟಿಲುಗಳಿಗೇನು ಕೊರತೆ! ಲಿಫ್ಟನ್ನು ಬಿಟ್ಟು ಹತ್ತು ಮಹಡಿಗಳನ್ನು ಹತ್ತುಸಲ ಹತ್ತಿದವನಿಗೆ ಬೆಟ್ಟ ಅಪರಿಚಿತವಾಗಿ ಉಳಿಯುವುದಿಲ್ಲ. ರಜೆಯ ದಿನಗಳಲ್ಲಿ ಸಹ್ಯಾದ್ರಿಯ ಕೋಟೆಗಳಿವೆ, ಕಳಸೂಬಾಯಿ ಇದೆ. ಮೂರನೆಯದು, ಅನೇಕರು ಮರೆಯುವ ಪಾಠ, ಇಳಿಯುವುದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ದೇಹದ ಭಾರವನ್ನು ತಡೆಹಿಡಿಯುತ್ತಾ, ಹಿಗ್ಗುತ್ತಾ ದುಡಿಯುತ್ತದೆ. ಈ ಎರಡನೆಯ ಬಗೆಯ ದುಡಿಮೆಯಿಂದಲೇ ಸ್ನಾಯುವಿನ ಎಳೆಗಳು ಹೆಚ್ಚು ನೋಯುವುದು. ಖರ್ದುಂಗ್ ಲಾದಿಂದ ಲೇಹ್‌ವರೆಗಿನ ನಲವತ್ತು ಕಿಲೋಮೀಟರುಗಳಲ್ಲಿ ಸುಮಾರು 1,850 ಮೀಟರು ಇಳಿಯಬೇಕು. ಮುಂಚೆಯೇ ಇಳಿದು ನೋಯಿಸಿಕೊಂಡು ಮಾಗಿದ ಕಾಲು ಅದನ್ನು ತಾಳುತ್ತದೆ. ಹೊಸ ಕಾಲು ತಾಳಲಾರದು. ನಾಲ್ಕನೆಯದು ಹೊಟ್ಟೆಯ ಪಾಠ. ಎತ್ತರದಲ್ಲಿ ಹಸಿವು ಅಡಗುತ್ತದೆ, ಆದರೆ ಉರುವಲಿಲ್ಲದೆ ಒಲೆ ಉರಿಯದು. ಓಡುತ್ತಲೇ ಸ್ವಲ್ಪಸ್ವಲ್ಪವಾಗಿ ತಿನ್ನುವುದನ್ನು ಊರಿನಲ್ಲಿಯೇ ರೂಢಿಸಿಕೊಳ್ಳಬೇಕು. ಒಣಗಾಳಿಯಲ್ಲಿ ಉಸಿರಿನ ಮೂಲಕವೇ ನೀರು ನಷ್ಟವಾಗುವುದರಿಂದ ನೀರು ಕುಡಿಯಬೇಕು; ಹಾಗೆಂದು ಉಪ್ಪಿನ ಅಂಶವಿಲ್ಲದ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಲವಣ ತೆಳುವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಇಷ್ಟೆಲ್ಲ ಆದ ಮೇಲೆ ಲೇಹ್‌ಗೆ ಹೋಗುವುದು. ದೆಹಲಿಯಿಂದ ವಿಮಾನವು ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಜೆನಿತ್ ಬಲೂನಿನ ಕಥೆ ಇಲ್ಲಿ ನೆನಪಾಗತಕ್ಕದ್ದು. ಇಳಿದ ಮೊದಲೆರಡು ದಿನ ಓಟವೂ ಇಲ್ಲ, ಬೆಟ್ಟವೂ ಇಲ್ಲ, ಬರಿಯ ವಿಶ್ರಾಂತಿ. ತಿಂಗಳುಗಟ್ಟಲೆ ಬೆವರಿಳಿಸಿದವನಿಗೆ ಸುಮ್ಮನೆ ಮಲಗಿರುವುದು ಎಷ್ಟು ಕಠಿಣವೆಂಬುದನ್ನು ಊಹಿಸಬಹುದು. ಆಮೇಲೆ ಸಣ್ಣ ನಡಿಗೆ, ಶಾಂತಿಸ್ತೂಪದ ಮೆಟ್ಟಿಲು, ಅನಂತರ ಮೆಲ್ಲಗಿನ ಓಟ. ಹಗಲಿನಲ್ಲಿ ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದು ಪರ್ವತಾರೋಹಿಗಳ ಹಳೆಯ ನಿಯಮ. ಮೂರು ಸಾವಿರ ಮೀಟರು ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಓಟವನ್ನು ನಡೆಸುವವರು ಸ್ಪರ್ಧಿಗಳನ್ನು ಬಹಳ ದಿನ ಮುಂಚಿತವಾಗಿಯೇ ಬರಮಾಡಿಕೊಳ್ಳುವುದು ಇದಕ್ಕಾಗಿಯೇ.

ಓಟದ ಹಿಂದಿನ ದಿನ ಸ್ಪರ್ಧಿಗಳು ಖರ್ದುಂಗ್ ಹಳ್ಳಿಯಲ್ಲಿ ಊರವರ ಮನೆಗಳಲ್ಲಿ ತಂಗುತ್ತಾರೆ. ನಸುಕಿನ ಮೂರು ಗಂಟೆಗೆ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಓಟ ಹೊರಡುತ್ತದೆ. ಕೊರೆಯುವ ಚಳಿ, ಬಾಟಲಿಯ ನೀರು ಹೆಪ್ಪುಗಟ್ಟುವುದೂ ಉಂಟು. ಉತ್ತರ ಪುಲ್ಲು ಎಂಬ ಠಾಣೆಯನ್ನು ದಾಟಿದ ಮೇಲೆ ಸುಮಾರು ಹದಿನೈದು ಕಿಲೋಮೀಟರುಗಳ ಕಡಿದಾದ ಏರು. ಹೆಸರಿಗೆ ಓಟ, ಬಹುಮಂದಿಗೆ ಇಲ್ಲಿ ನಡಿಗೆಯೇ. ನಾಲ್ಕು ಹೆಜ್ಜೆ, ಒಂದು ನಿಲುಗಡೆ, ಮತ್ತೆ ನಾಲ್ಕು ಹೆಜ್ಜೆ. ಕೆಳಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಮಗ್ಗಿ ಇಲ್ಲಿ ಎರಡು ಸಾಲಿಗೆ ನಿಂತುಹೋಗುತ್ತದೆ. ನೆತ್ತಿಯಲ್ಲಿ ಪ್ರಾರ್ಥನಾಪತಾಕೆಗಳ ಸಾಲು. ಅಲ್ಲಿ ಬಹಳ ಹೊತ್ತು ನಿಲ್ಲುವುದು ಜಾಣತನವಲ್ಲ. ಅಲ್ಲಿಂದ ಇಳಿಜಾರು. ಪ್ರತಿ ತಿರುವಿಗೂ ಗಾಳಿ ದಟ್ಟವಾಗುತ್ತದೆ, ಉಸಿರು ಮರಳುತ್ತದೆ. ಅಷ್ಟರಲ್ಲಿ ಬಿಸಿಲೇರಿ, ತೊಡೆಗಳು ನೋಯತೊಡಗುತ್ತವೆ. ದಕ್ಷಿಣ ಪುಲ್ಲು ದಾಟಿ ಇನ್ನೂ 24 ಕಿಲೋಮೀಟರು ಓಡಿದರೆ ಲೇಹ್. ಅತಿವೇಗದವರು ಏಳೆಂಟು ಗಂಟೆಗಳಲ್ಲಿ ಮುಗಿಸುತ್ತಾರೆ. ಉಳಿದವರಿಗೆ ಇರುವ ಅವಧಿ ಹದಿನಾಲ್ಕು ಗಂಟೆ. ಮುಂದಿನ ಸಾಲಿನಲ್ಲಿ ಸಾಮಾನ್ಯವಾಗಿ ಲದಾಖಿಗಳೇ ಇರುತ್ತಾರೆ. ಆ ಎತ್ತರದಲ್ಲಿಯೇ ಹುಟ್ಟಿ ಬೆಳೆದವರಿಗೆ ನಾವು ಎರಡು ವಾರಗಳಲ್ಲಿ ಕಲಿಯಲು ಹೆಣಗುವ ಪಾಠ ಬಾಲ್ಯದಿಂದಲೇ ಬಂದಿದೆ.

ದಾರಿಯಲ್ಲಿ ಅಲ್ಲಲ್ಲಿ ವೈದ್ಯರಿರುತ್ತಾರೆ, ಕಾಲದ ಗಡುವುಗಳಿರುತ್ತವೆ. ಗಡುವು ಮೀರಿದವರನ್ನು, ಹೆಜ್ಜೆ ತಪ್ಪುತ್ತಿರುವವರನ್ನು ನಿಲ್ಲಿಸಿ ವಾಹನದಲ್ಲಿ ಕೂರಿಸುತ್ತಾರೆ. ವರ್ಷದ ಶ್ರಮವೆಲ್ಲ ಆ ಗಳಿಗೆಯಲ್ಲಿ ಮಣ್ಣಾಯಿತೆಂದು ಸ್ಪರ್ಧಿಗೆ ಅನಿಸುವುದು ಸಹಜ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಆಮ್ಲಜನಕ ಕಡಿಮೆಯಾದಾಗ ಕಾಲಿನಂತೆಯೇ ಮಿದುಳೂ ಸೋಲುತ್ತದೆ. ತಾನು ಸೋತಿರುವುದು ಅದಕ್ಕೆ ತಿಳಿಯುವುದಿಲ್ಲ. ಬಲೂನಿನಲ್ಲಿ ತಿಸಾಂದಿಯೆಗೆ ಆದದ್ದೂ ಇದೇ. ಆದುದರಿಂದ ಎಲ್ಲಿಂದ ಹಿಂದಿರುಗಬೇಕೆಂಬ ನಿರ್ಧಾರವನ್ನು ಮೇಲೆ ಹೋಗಿ ಮಾಡುವುದಲ್ಲ, ಕೆಳಗಿರುವಾಗಲೇ, ತಲೆ ತಿಳಿಯಾಗಿರುವಾಗಲೇ ಮಾಡಿಕೊಂಡು ಹೊರಡಬೇಕು. ಮತ್ತು ಮೇಲೆ ಇನ್ನೊಬ್ಬರು 'ಸಾಕು' ಎಂದಾಗ ವಾದಿಸದೆ ಕೇಳಬೇಕು. ಹಾಗೆ ಹಿಂದಿರುಗಿದವನ ಹೆಸರು ಗೆದ್ದವರ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಮುಂದಿನ ವರ್ಷ ಓಡಲು ಅವನಿರುತ್ತಾನೆ.

ನಮ್ಮ ವಿದ್ಯಾರ್ಥಿಗಳೆಲ್ಲರೂ ಖರ್ದುಂಗ್ ಲಾಕ್ಕೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಅದು ವಯಸ್ಕರ ಓಟ, ವೈದ್ಯರ ಒಪ್ಪಿಗೆಯ ಓಟ. ಆದರೆ ಬರುವ ಡಿಸೆಂಬರಿನಲ್ಲಿ ನಮ್ಮ ಮೈದಾನದಲ್ಲಿ ಮತ್ತೆ ಸೀಟಿ ಊದುತ್ತದೆ. ಆ ದಿನಕ್ಕಾಗಿ ಜೂನ್ ತಿಂಗಳಿನಿಂದಲೇ ಮಳೆಗೆ ಅಂಜದೆ ಮನೆಯ ಮೆಟ್ಟಿಲುಗಳನ್ನು ಹತ್ತಿಳಿಯಲು ತೊಡಗುವವರು ಯಾರೆಂದು ನೋಡಲು ನಾವು ಕಾದಿದ್ದೇವೆ. ಮೊದಲ ಸುತ್ತಿನಲ್ಲಿ ಅವರಿಗೆ ಚಪ್ಪಾಳೆ ಸಿಕ್ಕಲಾರದು. ಮೂರನೆಯ ಸುತ್ತಿನಲ್ಲಿ ಅವರು ಓಡುತ್ತಲೇ ಇರುತ್ತಾರೆ.